ಹಳೆಯ ಉಸಿರುಯಂತ್ರ: ಅದರ ಇತಿಹಾಸವೂ ರಕ್ಷಣೆಯೂ

ಸೈಕಲ್ಲು, ಹೊಲಿಗೆಯಂತ್ರ, ಗಡಿಯಾರ ಮೊದಲಾದುವನ್ನು ಎರಡನೆಯ ಕೈಯಿಂದ ಕೊಂಡು, ಮನೆಯಲ್ಲಿಯೇ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಬಳಸುವುದು ನಮ್ಮ ಜನರ ಹಳೆಯ ರೂಢಿ. ಅದು ಮಿತವ್ಯಯದ ಗುಣವೇ ಹೊರತು ನಿಂದ್ಯವಲ್ಲ. ಆದರೆ ಸಮುದ್ರದಲ್ಲಿ ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಸ್ಕೂಬಾ ಉಪಕರಣವೂ ಇದೇ ರೀತಿ ಕೈಯಿಂದ ಕೈಗೆ ಹೋಗುವುದುಂಟು. ಅದಕ್ಕೂ ಈ ರೂಢಿಯನ್ನು ಎಷ್ಟರಮಟ್ಟಿಗೆ ಅನ್ವಯಿಸಬಹುದು? ಸೈಕಲ್ಲಿನ ಸರಪಳಿ ಕಳಚಿದರೆ ನಡೆದು ಮನೆ ಸೇರಬಹುದು. 20 ಮೀಟರ್ ನೀರಿನಡಿಯಲ್ಲಿ ಗಾಳಿ ನಿಂತರೆ ಅಂತಹ ದಾರಿಯಿಲ್ಲ. ಈ ಪ್ರಶ್ನೆಗೆ ಉತ್ತರವನ್ನು ಆ ಉಪಕರಣದ ಇತಿಹಾಸವೇ ಕೊಡುತ್ತದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮಡಗಾಂವಿನಲ್ಲಿರುವ ನಮಗೆ ಇದು ದೂರದ ವಿಷಯವಲ್ಲ. ಮುರಗಾಂವ್ ಬಂದರಿನ ಹೊರಗಿರುವ ಗ್ರಾಂಡೆ ದ್ವೀಪದ ಬಳಿಯಲ್ಲಿಯೂ, ತೆಂಕಣಕ್ಕೆ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಬಳಿಯಲ್ಲಿಯೂ ಮಳೆಗಾಲ ಕಳೆದ ಮೇಲೆ ಮುಳುಗುಗಾರರು ಕಡಲಿಗೆ ಇಳಿಯುತ್ತಾರೆ. ಸ್ಕೂಬಾ ಎಂಬುದು ಇಂಗ್ಲಿಷಿನ ಐದು ಪದಗಳ ಮೊದಲಕ್ಷರಗಳಿಂದಾದ ಹೆಸರು. ತನಗೆ ಬೇಕಾದ ಗಾಳಿಯನ್ನು ತಾನೇ ಹೊತ್ತುಕೊಂಡಿರುವ ಜಲಾಂತರ ಉಸಿರಾಟದ ಸಾಧನವೆಂಬುದು ಅದರ ಭಾವಾರ್ಥ.

ಮೊದಲು ಮಾನವನು ತನ್ನ ಗಾಳಿಯನ್ನು ತಾನು ಹೊತ್ತೊಯ್ಯುತ್ತಿರಲಿಲ್ಲ. 1830ರ ದಶಕದಲ್ಲಿ ಲಂಡನ್ನಿನ ಆಗಸ್ಟಸ್ ಸೀಬೆ ಎಂಬ ಕುಶಲಕರ್ಮಿಯು ತಾಮ್ರದ ಶಿರಸ್ತ್ರಾಣವಿದ್ದ ಮುಚ್ಚಿದ ಉಡುಪನ್ನು ನಿರ್ಮಿಸಿದನು. ದೋಣಿಯಲ್ಲಿ ಕುಳಿತವರು ಪಂಪನ್ನು ಒತ್ತುತ್ತಿರಬೇಕು. ಕೊಳವೆಯ ಮೂಲಕ ಗಾಳಿ ಕೆಳಗಿಳಿಯಬೇಕು. ಮುಳುಗಿದವನ ಪ್ರಾಣ ಮೇಲಿರುವವರ ಕೈಯಲ್ಲಿತ್ತು.

ಫ್ರಾನ್ಸಿನ ಗಣಿ ಎಂಜಿನಿಯರನಾದ ಬನುವಾ ರೂಕೆರೋಲ್ ಎಂಬವನು ವಿಷಗಾಳಿ ತುಂಬಿದ ಗಣಿಗಳಲ್ಲಿ ಜನರನ್ನು ಬದುಕಿಸುವುದಕ್ಕಾಗಿ, ಉಸಿರೆಳೆದಾಗ ಮಾತ್ರ ಗಾಳಿ ಬಿಡುವ ಒಂದು ಯಂತ್ರವನ್ನು ಕಲ್ಪಿಸಿದ್ದನು. 1864ರ ಸುಮಾರಿಗೆ ನೌಕಾದಳದ ಅಧಿಕಾರಿ ಓಗ್ಯುಸ್ತ್ ದೆನೆರೂಜನೊಡನೆ ಸೇರಿ ಅದನ್ನೇ ನೀರಿಗೆ ಹೊಂದಿಸಿದನು. ಆದರೆ ಬಹಳ ಒತ್ತಡದ ಗಾಳಿಯನ್ನು ಹಿಡಿದಿಡಬಲ್ಲ ಸಿಲಿಂಡರ್ ಆ ಕಾಲದಲ್ಲಿ ಇರಲಿಲ್ಲ. 1926ರಲ್ಲಿ ಈವ್ ಲ ಪ್ರಿಯೂರ್ ಸಿಲಿಂಡರನ್ನು ಉಪಯೋಗಿಸಿದಾಗ, ಕೈಯಿಂದ ತಿರುಗಿಸುವ ನಲ್ಲಿಯಿಂದ ಗಾಳಿ ಸತತವಾಗಿ ಹರಿದು ಬೇಗನೆ ಮುಗಿಯುತ್ತಿತ್ತು. ಒಬ್ಬರಲ್ಲಿ ಕವಾಟವಿತ್ತು, ಇನ್ನೊಬ್ಬರಲ್ಲಿ ಸಿಲಿಂಡರ್ ಇತ್ತು. ಇವೆರಡೂ ಕೂಡಿಬರಲು ಯುದ್ಧಕಾಲದ ಕೊರತೆ ಕಾರಣವಾಯಿತು.

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸಿಕ್ಕದೆ ಫ್ರಾನ್ಸಿನಲ್ಲಿ ಮೋಟಾರುಗಳನ್ನು ಅನಿಲದಿಂದ ಓಡಿಸುತ್ತಿದ್ದರು. ಅದಕ್ಕಾಗಿ ಎಮಿಲ್ ಗಾನ್ಯಾಂ ಎಂಬ ಎಂಜಿನಿಯರು ರೂಪಿಸಿದ ಕವಾಟವನ್ನು ನೌಕಾಧಿಕಾರಿ ಝಾಕ್ ಈವ್ ಕೂಸ್ತೋ ಉಸಿರಾಟಕ್ಕೆ ಅಳವಡಿಸಲು ಯತ್ನಿಸಿದನು. 1943ರ ಆರಂಭದಲ್ಲಿ ಪ್ಯಾರಿಸ್ ಸಮೀಪದ ಮಾರ್ನ್ ನದಿಯಲ್ಲಿ ನಡೆದ ಮೊದಲ ಪರೀಕ್ಷೆ ಫಲಿಸಲಿಲ್ಲ. ನೆಟ್ಟಗೆ ನಿಂತರೆ ಗಾಳಿ ವ್ಯರ್ಥವಾಗಿ ಹೊರಚೆಲ್ಲುತ್ತಿತ್ತು. ತಲೆಕೆಳಗಾದರೆ ಉಸಿರೆಳೆಯುವುದು ಕಷ್ಟವಾಗುತ್ತಿತ್ತು. ಗಾಳಿ ಒಳಬರುವ ಸ್ಥಾನಕ್ಕಿಂತ ಹೊರಹೋಗುವ ಸ್ಥಾನ ಕೆಲವೇ ಅಂಗುಲ ಮೇಲಿದ್ದುದೇ ಅದಕ್ಕೆ ಕಾರಣ. ಎರಡನ್ನೂ ಒಂದೇ ಮಟ್ಟಕ್ಕೆ ತಂದೊಡನೆ ಯಂತ್ರ ಸರಿಹೋಯಿತು. ಆ ಬೇಸಗೆಯಲ್ಲಿಯೇ ಕೂಸ್ತೋ ಮೆಡಿಟರೇನಿಯನ್ ಸಮುದ್ರದಲ್ಲಿ ಸ್ವೇಚ್ಛೆಯಾಗಿ ಈಜಾಡಿದನು. ಕೆಲವೇ ಅಂಗುಲಗಳ ವ್ಯತ್ಯಾಸ ಉಸಿರನ್ನು ಕೆಡಿಸಿತೆಂಬುದನ್ನು, ಹಳೆಯ ರೆಗ್ಯುಲೇಟರನ್ನು ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದವರು ಮರೆಯಬಾರದು.

ಈ ಯಂತ್ರದ ಕೆಲಸ ಸುಲಭವಾಗಿ ತಿಳಿಯುವಂಥದು. ಸುಮಾರು 11 ಲೀಟರ್ ಒಳಗಾತ್ರದ ಸಿಲಿಂಡರಿನಲ್ಲಿ ವಾಯುಮಂಡಲದ ಒತ್ತಡಕ್ಕಿಂತ 200 ಪಟ್ಟು ಒತ್ತಡದಲ್ಲಿ ಗಾಳಿಯನ್ನು ತುಂಬುತ್ತಾರೆ. ಬಿಡಿಸಿದರೆ ಅದು 2,200 ಲೀಟರುಗಳಷ್ಟಾಗುತ್ತದೆ. ರೆಗ್ಯುಲೇಟರಿನ ಮೊದಲ ಹಂತ ಈ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಪಟ್ಟು ವಾಯುಭಾರದಷ್ಟು ಮೇಲಿರುವಂತೆ ತಗ್ಗಿಸುತ್ತದೆ. ಬಾಯಿಯ ಬಳಿಯಿರುವ ಎರಡನೆಯ ಹಂತ, ಅದನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿಸಿ, ಉಸಿರೆಳೆದಾಗ ಮಾತ್ರ ಕೊಡುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರ ಹೆಚ್ಚುವುದರಿಂದ ಈ ಸಮತೋಲ ಅತ್ಯವಶ್ಯ. ಇದೆಲ್ಲವನ್ನೂ ಹಿಡಿದಿಟ್ಟಿರುವುದು ತೆಳುವಾದ ಪೊರೆ, ಸಣ್ಣ ಕವಾಟ ಮತ್ತು ರಬ್ಬರಿನ ಬಳೆಗಳು. ಈ ಬಳೆಗೆ ಅಮೆರಿಕದಲ್ಲಿ ನೆಲಸಿದ್ದ ಡೇನಿಷ್ ಎಂಜಿನಿಯರ್ ನೀಲ್ಸ್ ಕ್ರಿಸ್ಟನ್ಸನ್ 1939ರಲ್ಲಿ ಹಕ್ಕುಪತ್ರ ಪಡೆದನು. ರಬ್ಬರು ಬಳಸಿದರೂ ಸವೆಯುತ್ತದೆ, ಬಳಸದಿದ್ದರೂ ಗಟ್ಟಿಯಾಗಿ ಬಿರಿಯುತ್ತದೆ. ಆದುದರಿಂದ ‘ಹತ್ತು ವರ್ಷದಿಂದ ಪೆಟ್ಟಿಗೆಯಲ್ಲೇ ಇತ್ತು’ ಎಂದು ಮಾರುವವನು ಹೇಳಿದರೆ ಅದು ಯೋಗ್ಯತಾಪತ್ರವಲ್ಲ, ಎಚ್ಚರಿಕೆ.

ಹಳೆಯ ವಸ್ತುವನ್ನು ಹೇಗೆ ಓದಬೇಕೆಂಬುದನ್ನು ಗೋವೆಯ ಕಡಲೇ ನಮಗೆ ಕಲಿಸಿದೆ. ದೋನಾ ಪಾವುಲದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ 1981ರಲ್ಲಿ ಜಲಾಂತರ ಪುರಾತತ್ತ್ವದ ಕಾರ್ಯವನ್ನು ಆರಂಭಿಸಿದವರು ಕನ್ನಡ ನಾಡಿನವರಾದ ಡಾ. ಎಸ್. ಆರ್. ರಾವ್, ಲೋಥಲ್ ಉತ್ಖನನದಿಂದ ಹೆಸರಾದವರು. ಆ ಸಂಸ್ಥೆಯ ಸಂಶೋಧಕರು ಮುಂದೆ ಗೋವೆಯ ಸೇಂಟ್ ಜಾರ್ಜ್ ಬಂಡೆಸಾಲಿನಲ್ಲಿ ಮುಳುಗಿದ ಹಡಗೊಂದರ ಸರಕನ್ನು ಪರಿಶೀಲಿಸಿದಾಗ ಸುಟ್ಟ ಮಣ್ಣಿನ ಹಂಚು, ಇಟ್ಟಿಗೆ, ಕೊಳವೆಗಳು ದೊರೆತವು. ಅವುಗಳಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯ ಹೆಸರೂ 1865 ಎಂಬ ವರ್ಷವೂ ಒತ್ತಲ್ಪಟ್ಟಿದ್ದುವು. ನಮ್ಮ ಮಂಗಳೂರಿನಲ್ಲಿ ಆ ಕಾರ್ಖಾನೆ ಆರಂಭವಾದ ವರ್ಷವದು. ಹಡಗು ಮುಳುಗಿದ ವರ್ಷವಲ್ಲ. ಹಡಗು ಆ ಮೇಲೆಯೇ ಮುಳುಗಿರಬೇಕು ಎಂದಷ್ಟೇ ಅದರಿಂದ ಹೇಳಬಹುದು. ಮುದ್ರೆಯನ್ನು ಓದುವುದು ಒಂದು ವಿದ್ಯೆ. ಅದು ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂದು ವಿವೇಚಿಸುವುದು ಇನ್ನೂ ದೊಡ್ಡ ವಿದ್ಯೆ.

ಸಿಲಿಂಡರಿನ ಕತ್ತಿನ ಬಳಿಯಲ್ಲಿಯೂ ಇಂತಹ ಮುದ್ರೆಗಳಿರುತ್ತವೆ: ತಯಾರಾದ ಕಾಲ, ಲೋಹದ ಬಗೆ, ಒತ್ತಡದ ಮಿತಿ, ನೀರು ತುಂಬಿ ಪರೀಕ್ಷಿಸಿದ ದಿನಾಂಕ. ಕೊಳ್ಳುವವರು ಬಣ್ಣವನ್ನಲ್ಲ, ಇವನ್ನು ನೋಡಬೇಕು. 1988ರ ಸುಮಾರಿನವರೆಗೆ ಅಮೆರಿಕದಲ್ಲಿ 6351 ಎಂಬ ಅಲ್ಯುಮಿನಿಯಂ ಮಿಶ್ರಲೋಹದಿಂದ ಸಿಲಿಂಡರುಗಳನ್ನು ಮಾಡುತ್ತಿದ್ದರು. ಸದಾ ಒತ್ತಡದಲ್ಲಿದ್ದು ಅವುಗಳ ಕತ್ತಿನಲ್ಲಿ ಕಣ್ಣಿಗೆ ಸುಲಭವಾಗಿ ಕಾಣದ ಬಿರುಕು ಬೆಳೆಯುವುದೆಂದೂ, ಕೆಲವು ಸಿಡಿದುವೆಂದೂ ತಿಳಿದುಬಂದ ಮೇಲೆ ವಿಶೇಷ ಪರೀಕ್ಷೆಯನ್ನು ವಿಧಿಸಿದರು. ನಮ್ಮ ದೇಶದಲ್ಲಿಯೂ 2016ರ ಅನಿಲ ಸಿಲಿಂಡರ್ ನಿಯಮಗಳಂತೆ ಮಾನ್ಯತೆ ಪಡೆದ ಕೇಂದ್ರದಲ್ಲಿ ಕಾಲಕಾಲಕ್ಕೆ ಪರೀಕ್ಷೆಯಾಗಬೇಕು. ಮುದ್ರೆ ಅಳಿಸಿಹೋಗಿರುವ ಸಿಲಿಂಡರಿಗೆ ಎಷ್ಟು ಕಡಿಮೆ ಬೆಲೆ ಕೊಟ್ಟರೂ ಅದು ದುಬಾರಿಯೇ.

ಹಾಗಾದರೆ ಮನೆಯಲ್ಲಿ ಮಾಡತಕ್ಕ ಕೆಲಸವೇನು? ಅದು ಕಡಿಮೆಯದಲ್ಲ. ಉಪ್ಪು ಒಣಗಿ ಹರಳಾಗುವ ಮೊದಲೇ ಎಲ್ಲವನ್ನೂ ಸಿಹಿನೀರಿನಲ್ಲಿ ನೆನೆಸಿ ತೊಳೆಯಬೇಕು. ರೆಗ್ಯುಲೇಟರಿನ ಮುಚ್ಚಳವನ್ನು ಒಣಗಿಸಿ ಬಿಗಿದ ಮೇಲೆಯೇ ಅದನ್ನು ನೀರಿಗಿಡಬೇಕು. ಆಗ ಬಾಯಿಯ ಬಳಿಯ ಗುಂಡಿಯನ್ನು ಒತ್ತಿದರೆ ನೀರು ಒಳಸೇರುತ್ತದೆಯಾದ್ದರಿಂದ ಒತ್ತಕೂಡದು. ಒಣಗಿದ ಮೇಲೆ, ಮುಚ್ಚಳ ಬಿಗಿದೇ ಇರುವಾಗ, ಬಾಯಿಗಿಟ್ಟು ಮೆಲ್ಲನೆ ಎಳೆದು ನೋಡಬೇಕು; ಗಾಳಿ ಬಂದರೆ ಪೊರೆಯಲ್ಲಿಯೋ ಕವಾಟದಲ್ಲಿಯೋ ಸೋರಿಕೆಯಿದೆಯೆಂದು ತಿಳಿಯಬೇಕು. ಕೊಳವೆಯ ತುದಿಗಳನ್ನು ಬಾಗಿಸಿ ಬಿರುಕು ಹುಡುಕಬೇಕು. ತೇಲುವ ಜಾಕೆಟ್ಟಿನ ಒಳಕ್ಕೂ ಸಿಹಿನೀರು ಹಾಯಿಸಿ, ಬಸಿದು, ಸ್ವಲ್ಪ ಗಾಳಿ ತುಂಬಿಡಬೇಕು. ಸಿಲಿಂಡರನ್ನು ಪೂರ್ತಿ ಬರಿದು ಮಾಡದೆ ಸ್ವಲ್ಪ ಗಾಳಿ ಉಳಿಸಿದರೆ ಒಳಗೆ ತೇವ ಸೇರುವುದಿಲ್ಲ.

ನಮ್ಮೂರಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲು ಮುಚ್ಚಿದಂತೆಯೇ ಸರಿ. ಮಳೆಗಾಲದಲ್ಲಿ ಶಾಲೆಯ ಪುಸ್ತಕಗಳಿಗೂ ಬೂಷ್ಟು ಹಿಡಿಯುವ ಈ ಹವೆಯಲ್ಲಿ ರಬ್ಬರೂ ಬಟ್ಟೆಯೂ ತೇವವಾಗಿ ಮೂಲೆಯಲ್ಲಿರಬಾರದು. ನೆರಳಿನಲ್ಲಿ ಪೂರ್ತಿ ಒಣಗಿಸಿ, ಗಾಳಿಯಾಡುವೆಡೆಯಲ್ಲಿ ಕೊಳವೆಗಳನ್ನು ಮಡಿಸದೆ ಸುರುಳಿಯಾಗಿ ಇಡಬೇಕು. ಹೊಲಿಗೆಯಂತ್ರದ ಎಣ್ಣೆ ಇಲ್ಲಿ ವರ್ಜ್ಯ. ಅದು ರಬ್ಬರನ್ನು ಕೆಡಿಸುತ್ತದೆ. ಆಮ್ಲಜನಕ ಹೆಚ್ಚಿದ ಗಾಳಿ ಬಳಸುವೆಡೆ ಬೆಂಕಿಗೂ ಕಾರಣವಾಗುತ್ತದೆ. ಟೈರಿಗೆ ಗಾಳಿ ತುಂಬುವ ಯಂತ್ರದಿಂದ ಸಿಲಿಂಡರ್ ತುಂಬಿಸುವ ಯೋಚನೆಯನ್ನೂ ಮಾಡಕೂಡದು. ಉಸಿರಿಗೆ ಶೋಧಿಸಿದ ಶುದ್ಧ ಗಾಳಿಯೇ ಬೇಕು.

ರೆಗ್ಯುಲೇಟರಿನ ಒಳಭಾಗವನ್ನು ಬಿಚ್ಚಿ ಬಳೆಗಳನ್ನು ಬದಲಿಸುವುದು, ಒತ್ತಡವನ್ನು ಹೊಂದಿಸುವುದು, ಸಿಲಿಂಡರಿನ ಕವಾಟ ತೆಗೆದು ಒಳಗನ್ನು ಪರೀಕ್ಷಿಸುವುದು, ಇವು ಅದಕ್ಕಾಗಿಯೇ ತರಬೇತು ಪಡೆದವರ ಕೆಲಸ. ತಯಾರಕರು ಹೇಳಿದ ಅವಧಿಗೆ ತಪ್ಪದೆ ಅವರಿಗೆ ಒಪ್ಪಿಸಬೇಕು. ಕೊಂಡ ಹಳೆಯ ಉಪಕರಣವನ್ನಂತೂ ನೀರಿಗೆ ಇಳಿಸುವ ಮೊದಲೇ ಒಪ್ಪಿಸಬೇಕು. ಆ ವೆಚ್ಚವನ್ನು ಕೊಳ್ಳುವ ಬೆಲೆಯಲ್ಲಿಯೇ ಸೇರಿಸಿ ಲೆಕ್ಕ ಹಾಕುವವನೇ ನಿಜವಾದ ಮಿತವ್ಯಯಿ.

ಸೀಬೆಯ ಕಾಲದಲ್ಲಿ ಮುಳುಗುಗಾರನ ಪ್ರಾಣ ದೋಣಿಯ ಮೇಲೆ ಪಂಪು ಒತ್ತುವವರ ಕೈಯಲ್ಲಿತ್ತು. ಈಗ ದೋಣಿಯಿಂದ ಇಳಿಯುವ ಆ ಕೊಳವೆ ಇಲ್ಲ. ಅದಕ್ಕೆ ಬದಲಾಗಿ, ಉಪಕರಣವನ್ನು ನಿನ್ನೆ ತೊಳೆದಿಟ್ಟವರ, ಕಳೆದ ವರ್ಷ ಪರೀಕ್ಷಿಸಿದವರ ಕೈಗಳೇ ಆ ಪಂಪನ್ನು ಒತ್ತುತ್ತಿರುತ್ತವೆ. ವಿದ್ಯಾರ್ಥಿಮಿತ್ರರು ಮುಂದೆ ಕಡಲಿನಡಿಯ ವಸ್ತುಗಳನ್ನು ನೋಡಲು ಇಳಿಯುವವರಾದರೆ, ಈ ಮಾತನ್ನು ನೆನಪಿನಲ್ಲಿಡಬೇಕೆಂದು ನಾವು ಬಯಸುತ್ತೇವೆ.