ಹಗ್ಗಕ್ಕೆ ಗೊತ್ತಿತ್ತು, ಮೋಟರಿಗೆ ಗೊತ್ತಾಗಲಿಲ್ಲ

ಕ್ರಿ.ಪೂ. 8ನೇ ಶತಮಾನದ ಬೈಬಲ್ಲಿನ ಪ್ರವಾದಿ ಹೋಶೇಯನಿಗೆ ತನ್ನ ಇಸ್ರೇಲು ರಾಜ್ಯ ಸೊರಗುತ್ತಿರುವುದಕ್ಕಿಂತ, ಸೊರಗುತ್ತಿರುವುದು ಅದಕ್ಕೇ ತಿಳಿಯದಿರುವುದು ದೊಡ್ಡ ಸಂಕಟವಾಗಿತ್ತು. ನಾಡಿನ ತಲೆ ನರೆಯುತ್ತಿದ್ದರೂ ಅದಕ್ಕೆ ಅರಿವಿಲ್ಲ ಎಂದು ಅವನು ಎಚ್ಚರಿಸಿದ. ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯನ್ನರು ಆ ರಾಜ್ಯವನ್ನು ಅಳಿಸಿಹಾಕಿದರು. ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ರೈತನ ಮಗಳಾದ ನನಗೆ ಹೋಶೇಯನ ಆ ಮಾತಿನಲ್ಲಿ ನಮ್ಮ ಸೀಮೆಯ ನೀರಿನ ಚರಿತ್ರೆಯೇ ಕಾಣುತ್ತದೆ.

ನಂದಿಯ ಸುತ್ತಲಿನ ಬೆಟ್ಟಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಹುಟ್ಟುತ್ತವೆ. ವರ್ಷವಿಡೀ ಹರಿಯುವ ಹೊಳೆ ಮಾತ್ರ ನಮಗಿಲ್ಲ. ಅದಕ್ಕೇ ಹಿರಿಯರು ಹಳ್ಳಗಳಿಗೆ ಏರಿ ಹಾಕಿ ಸಾಲುಸಾಲು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ತೂಬೆತ್ತಿ ಗದ್ದೆಗದ್ದೆಗೆ ನೀರು ಹಂಚುವವನು ನೀರುಗಂಟಿ.

ಅಚ್ಚುಕಟ್ಟಿನಾಚೆಯ ಹೊಲಗಳಿಗೆ ಕಪಿಲೆ ಬಾವಿಯಿತ್ತು. ಜೋಡಿ ಎತ್ತು ಇಳಿಜಾರಿನಲ್ಲಿ ಇಳಿದಂತೆ ಚರ್ಮದ ಚೀಲ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತಿತ್ತು. ಬಾವಿಯಲ್ಲಿ ನೀರು ಒಂದು ಮೊಳ ಇಳಿದರೂ ಹಗ್ಗ ಸಾಲುತ್ತಿರಲಿಲ್ಲ, ಎತ್ತು ಬೇಗ ದಣಿಯುತ್ತಿತ್ತು. ಇಳಿದ ನೀರಿನ ಲೆಕ್ಕ ದಿನವೂ ಕೈಗೆ ಸಿಗುತ್ತಿತ್ತು.

ಕರೆಂಟು ಮೋಟರು ಬಂತು, ಅದರ ಹಿಂದೆಯೇ ಬೋರ್‌ವೆಲ್. ನಮ್ಮ ಹೊಲದಲ್ಲಿ ಮೊದಲ ಸಲ ನೀರು ಚಿಮ್ಮಿದಾಗ ಅಪ್ಪ ಕೆಸರಿನಲ್ಲೇ ನಿಂತು, "ಇನ್ನು ಹಿಪ್ಪುನೇರಳೆಗೆ ಬರ ಇಲ್ಲ ಕಣೇ" ಎಂದು ಅಮ್ಮನಿಗೆ ಕೂಗಿ ಹೇಳಿದ್ದರು. ಆ ಸಂತೋಷ ನಿಜವಾದದ್ದು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಚಿಂತಾಮಣಿಯ ಟೊಮೆಟೊ ಮಂಡಿ ಬೆಳೆದದ್ದು ಆ ನೀರಿನಿಂದಲೇ. ಆದರೆ ಸ್ವಿಚ್ಚು ಒತ್ತುವ ಬೆರಳಿಗೆ ನೀರಿನ ಆಳ ತಿಳಿಯುವುದಿಲ್ಲ. ಕೆರೆಯ ಹಂಗು ತಪ್ಪಿತು, ನೀರುಗಂಟಿಗೆ ಕೆಲಸವಿಲ್ಲವಾಯಿತು, ಹೂಳೆತ್ತುವುದು ನಿಂತಿತು, ರಾಜಕಾಲುವೆಗಳು ಒತ್ತುವರಿಯಾದವು. ಬೀಳುಹೊಲಗಳಿಗೆ ನೀಲಗಿರಿ ಬಂತು. ಬೋರು ಬತ್ತಿದಾಗಲೆಲ್ಲ ಇನ್ನೂ ಆಳಕ್ಕೆ ಕೊರೆಸಿದೆವು. ಸಾವಿರ ಅಡಿ ದಾಟಿದೆವು. ಆ ಆಳದ ನೀರಿನ ಫ್ಲೋರೈಡು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಯಾಗಿ ಮೂಡಿತು. ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿ ವರ್ಷದ ಬಹುಪಾಲು ಬರೀ ಮರಳಾಯಿತು.

ಈಗ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಚಿಕ್ಕಬಳ್ಳಾಪುರದ ಕಂದವಾರ ಮೊದಲಾದ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಎಂಬ ಹೋರಾಟಗಾರರ ಬೇಡಿಕೆ ನ್ಯಾಯವಾದದ್ದು. ತುಂಬಿದ ಕೆರೆ ಕಂಡು ನನಗೂ ಕಣ್ಣು ತಣಿಯುತ್ತದೆ. ಆದರೆ ಹೊರಗಿನ ನೀರು ನಮ್ಮ ನೆಲದ ಕೊರತೆಯನ್ನು ಮತ್ತೊಮ್ಮೆ ಮರೆಮಾಡಬಾರದು. ಪ್ರತಿ ಪಂಚಾಯಿತಿಯೂ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ ಊರಿನ ನೀರಿನ ಮಟ್ಟ ಅಳೆದು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರೆಯಲಿ. ಯಾವ ಬೆಳೆ, ಎಷ್ಟು ಬೋರು ಎಂಬ ಮಾತು ಆ ಅಂಕಿಯ ಮುಂದೆ ನಿಂತು ನಡೆಯಲಿ.