ಮನೆಯ ಕಾಗದಪತ್ರಗಳ ಹಿಂದಿನ ಚರಿತ್ರೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಕೆಲವರು ಉಳಿತಾಯದ ಹಣದಿಂದ ಬೆಂಗಳೂರಿನಲ್ಲಿ ಒಂದು ನಿವೇಶನವನ್ನೋ, ಬಾಡಿಗೆಗೆ ಕೊಡಲು ಚಿಕ್ಕ ಮನೆಯೊಂದನ್ನೋ ಕೊಳ್ಳುವ ಮುನ್ನ ಸಲಹೆ ಕೇಳುವುದುಂಟು. ನಾನು ವಕೀಲನಲ್ಲ, ಚರಿತ್ರೆಯನ್ನು ಬೋಧಿಸಿದವನು. ಆದುದರಿಂದ ನನ್ನ ಉತ್ತರವೂ ಚರಿತ್ರೆಯ ದಾರಿಯಲ್ಲೇ ಸಾಗುತ್ತದೆ. ಇಂದು ನಾವು ಕೇಳಿ ಪಡೆಯುವ ಒಂದೊಂದು ಪತ್ರದ ಹಿಂದೆಯೂ ಅದಿಲ್ಲದೆ ಹಣ ಕಳೆದುಕೊಂಡವರ ಅನುಭವವಿದೆ.

1898ರ ಪ್ಲೇಗ್ ಮಾರಿಯ ತರುವಾಯ ಪೇಟೆಯ ಇಕ್ಕಟ್ಟನ್ನು ತೊರೆದ ಜನರಿಂದ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ನಗರದಲ್ಲಿ ವಠಾರಗಳೂ ಹೆಚ್ಚಿದವು. ಮುಂದಿನ ಮನೆಯಲ್ಲಿ ಮಾಲೀಕರು, ಹಿಂದೆ ಸಾಲಾಗಿ ಒಂದೆರಡು ಕೋಣೆಗಳ ಮನೆಗಳು, ಎಲ್ಲರಿಗೂ ಒಂದೇ ನಲ್ಲಿ. ಅನೇಕ ವಿಧವೆಯರಿಗೂ ನಿವೃತ್ತ ಗುಮಾಸ್ತರಿಗೂ ಆ ಬಾಡಿಗೆಯೇ ಪಿಂಚಣಿಯಾಗಿತ್ತು.

1961ರ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆದಾರರನ್ನು ಏಕಾಏಕಿ ಬೀದಿಗೆ ತಳ್ಳಬಾರದೆಂಬ ಸದುದ್ದೇಶದಿಂದ ಬಂದಿತು. ಆದರೆ ಮಾಲೀಕನಿಗೆ ತನ್ನ ಮನೆ ತನಗೇ ಬೇಕಾದರೂ ನ್ಯಾಯಾಲಯದಲ್ಲಿ ಕಾರಣವನ್ನು ರುಜುವಾತುಪಡಿಸಬೇಕಾಯಿತು. ಬಾಡಿಗೆ ಏರದ ಮನೆಗಳ ದುರಸ್ತಿ ನಿಂತುಹೋಯಿತು. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಬಾಡಿಗೆ ಕಾಯಿದೆಯು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹೀಗಾಗಿ ಈಗ ಬಹುತೇಕ ಮನೆಗಳಲ್ಲಿ ಇಬ್ಬರ ಸಂಬಂಧಕ್ಕೂ ಆಧಾರ 1882ರ ಸ್ವತ್ತು ವರ್ಗಾವಣೆ ಕಾಯಿದೆ ಮತ್ತು ಕರಾರುಪತ್ರ. ಕರಾರನ್ನು ಸ್ಪಷ್ಟವಾಗಿ ಬರೆಸಿರಿ. ಒಂದು ವರ್ಷ ಮೀರಿದ ಕರಾರಿಗೆ 1908ರ ಕಾಯಿದೆಯಂತೆ ನೋಂದಣಿ ಕಡ್ಡಾಯವಾದುದರಿಂದಲೇ ಹನ್ನೊಂದು ತಿಂಗಳ ರೂಢಿ ಹುಟ್ಟಿತು. ಅಡ್ವಾನ್ಸ್ ಹಣವಾಗಲಿ ಭೋಗ್ಯದ ಹಣವಾಗಲಿ ಆದಾಯವಲ್ಲ, ಹಿಂದಿರುಗಿಸಬೇಕಾದ ಸಾಲ. ಅದನ್ನು ಖರ್ಚು ಮಾಡಿಬಿಟ್ಟವರು ಬಾಡಿಗೆದಾರರು ಮನೆ ಬಿಡುವ ದಿನ ಪರದಾಡುವುದನ್ನು ಕಂಡಿದ್ದೇನೆ.

ಇನ್ನು ನಿವೇಶನದ ವಿಚಾರ. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, 1976ರಲ್ಲಿ ಅದರ ಸ್ಥಾನದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ರೂಪುಗೊಂಡವು. ಬಡಾವಣೆಗಳಿಗಿಂತ ಜನ ಬೇಗ ಬೆಳೆದರು. ಆ ಅಂತರದಲ್ಲಿ ಭೂಪರಿವರ್ತನೆಯಾಗದ ಹೊಲಗಳು 'ರೆವಿನ್ಯೂ ಸೈಟು'ಗಳಾಗಿ, ಕೆಲವೊಮ್ಮೆ ಬರಿಯ ಜಿ.ಪಿ.ಎ. ಮೂಲಕ ಕೈ ಬದಲಾಯಿಸಿದವು. ನೂರು ರೂಪಾಯಿ ಹಾಗೂ ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಪತ್ರ ಬೇಕೆಂದು 1882ರಿಂದಲೂ ಕಾನೂನಿದೆ. ಜಿ.ಪಿ.ಎ. ಮಾರಾಟದಿಂದ ಒಡೆತನ ಬಾರದೆಂದು 2011ರಲ್ಲಿ ಸುಪ್ರೀಂ ಕೋರ್ಟು ಮತ್ತೊಮ್ಮೆ ಸಾರಿತು. ಖಾತೆಯೂ ತೆರಿಗೆಯ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ.

ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳ ಹಕ್ಕನ್ನು ಮರೆಯಲಾಗದು. ಕರ್ನಾಟಕವು 1994ರಲ್ಲೇ ಅವಿವಾಹಿತ ಪುತ್ರಿಯರಿಗೆ ಸಮಪಾಲು ನೀಡಿತು. 2005ರ ತಿದ್ದುಪಡಿ ವಿವಾಹಿತೆಯರನ್ನೂ ಸೇರಿಸಿತು. ತಂದೆ ಆ ದಿನ ಬದುಕಿರಲೇಬೇಕೆಂದಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅಣ್ಣತಮ್ಮಂದಿರ ಸಹಿಯಷ್ಟೇ ನೋಡಿ ಕೊಂಡವರು ಮುಂದೆ ದಾವೆಯನ್ನು ಎದುರಿಸಬೇಕಾದೀತು. ಇದು ಕೊಳ್ಳುವವರ ಹಿತ ಮಾತ್ರವಲ್ಲ, ಆ ಮನೆಯ ಮಗಳಿಗೆ ಸಲ್ಲಬೇಕಾದ ನ್ಯಾಯವೂ ಹೌದು.

ಆದುದರಿಂದ ಮೂಲಪತ್ರದಿಂದ ಮೊದಲುಗೊಂಡು ಇಂದಿನವರೆಗೆ ಕ್ರಯಪತ್ರಗಳ ಕೊಂಡಿ ಎಲ್ಲಿಯೂ ಕಳಚಿಲ್ಲವೆಂದು ನೋಡಿರಿ. ಮೂವತ್ತು ವರ್ಷಗಳ ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ, ತೆರಿಗೆ ರಸೀದಿಗಳನ್ನು ಕೇಳಿರಿ. ಋಣಭಾರ ಪತ್ರದಲ್ಲಿ ಕಾಣುವುದು ನೋಂದಾಯಿತ ವ್ಯವಹಾರಗಳು ಮಾತ್ರ. ನೋಂದಣಿಯಾಗದ ಕರಾರಾಗಲಿ ನ್ಯಾಯಾಲಯದ ದಾವೆಯಾಗಲಿ ಅದರಲ್ಲಿ ಕಾಣದಿರಬಹುದು. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟಿರುವ ಸಾಧ್ಯತೆಯೂ ಉಂಟು. ನಕಲು ಪ್ರತಿಗಳಿಗೆ ತೃಪ್ತರಾಗದೆ ಮೂಲವನ್ನೇ ಕಣ್ಣಾರೆ ಕಾಣಿರಿ. ಲೆಕ್ಕ ಹಾಕುವಾಗ ವರ್ಷಕ್ಕೆ ಹತ್ತೇ ತಿಂಗಳ ಬಾಡಿಗೆ ಬರುವುದೆಂದು ಎಣಿಸಿ, ತೆರಿಗೆ, ಸುಣ್ಣಬಣ್ಣ, ದುರಸ್ತಿಗಳನ್ನು ಕಳೆಯಿರಿ. ಆಗಲೂ ಸಾಲದ ಕಂತು ತೀರಿಸಲು ನಿಮ್ಮಿಂದ ಸಾಧ್ಯವಾದರೆ ಮುಂದುವರಿಯಿರಿ.

ಆಧಾರವಿಲ್ಲದ ಮಾತು ಚರಿತ್ರೆಯಾಗದೆಂದು ತರಗತಿಯಲ್ಲಿ ಹೇಳುತ್ತಿದ್ದೆನು. ಮನೆಯ ವಿಷಯದಲ್ಲಿಯೂ ದಳ್ಳಾಳಿಯ ಮಾತಿಗಿಂತ ದಾಖಲೆ ದೊಡ್ಡದು. ಮುಂಗಡ ಕೊಡುವ ಮುನ್ನವೇ, ಮಾರುವವರಿಗೆ ಸಂಬಂಧಿಸದ ಒಬ್ಬ ವಕೀಲರಿಗೆ ಪತ್ರಗಳನ್ನು ತೋರಿಸಿರಿ.