ಸೀಸೆಯ ಅಳತೆಗೆ ಸಿಗದ ಜವಾರಿ ಕೋಳಿ

ಕುಪ್ಪೇಲೂರು, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಗೋವಿನಜೋಳದಲ್ಲಿ ದೊಡ್ಡ ಪಾಲು ಕೋಳಿ ಆಹಾರಕ್ಕೆ ಹೋಗುತ್ತದೆ. ಆ ಕಾಳು ತಿಂದು ಆರು ವಾರದೊಳಗೆ ತೂಕಕ್ಕೆ ಬರುವ ಫಾರಂ ಕೋಳಿಗೂ, ಹಿತ್ತಲಲ್ಲಿ ತಿಪ್ಪೆ ಕೆದರಿ ಬದುಕುವ ಜವಾರಿ ಕೋಳಿಗೂ ತಗಲುವ ವೈರಸ್ ಒಂದೇ. ನೂರು ವರ್ಷಗಳಲ್ಲಿ ಬೆಳೆದ ಲಸಿಕೆ ವಿಜ್ಞಾನ ಮಾತ್ರ ಇವೆರಡನ್ನೂ ಸಮನಾಗಿ ಕಾಪಾಡಿಲ್ಲ.

ಮೊದಲಿಗೆ ಕೊಕ್ಕರೆ ರೋಗ. 1926ರಲ್ಲಿ ಜಾವಾ ದ್ವೀಪದಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಾಣಿಸಿಕೊಂಡದ್ದು ಒಂದೆರಡು ವರ್ಷದಲ್ಲೇ ಕುಮಾವೂನಿನ ರಾಣಿಖೇತ್‌ನಲ್ಲಿ ಪತ್ತೆಯಾಗಿ, ದೇಶದಲ್ಲೆಲ್ಲ ಆ ಊರಿನ ಹೆಸರನ್ನೇ ಹೊತ್ತಿತು. ಹಸಿರು ಹಿಕ್ಕೆ, ಬಾಯಿ ತೆರೆದ ಏದುಸಿರು, ತಿರುಚಿದ ಕುತ್ತಿಗೆ. ಲಸಿಕೆ ಕಾಣದ ಗೂಡು ವಾರದೊಳಗೆ ಖಾಲಿಯಾಗಬಹುದು. 1940ರ ದಶಕದಲ್ಲಿ ಮುಕ್ತೇಶ್ವರದ ವಿಜ್ಞಾನಿಗಳು ಈ ವೈರಸನ್ನು ಮೊಟ್ಟೆಯ ಭ್ರೂಣಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ತೀವ್ರತೆ ತಗ್ಗಿಸಿ ‘ಆರ್2ಬಿ’ ಲಸಿಕೆ ರೂಪಿಸಿದರು. ಎಳೆಯ ಮರಿ ಅದನ್ನು ತಾಳಲಾರದು. ಹಾಗಾಗಿ ಮೊದಲ ವಾರ ಸೌಮ್ಯವಾದ ಎಫ್ ಅಥವಾ ಲಸೋಟಾ ತಳಿಯ ಹನಿ ಕಣ್ಣಿಗೆ, ಆರರಿಂದ ಎಂಟು ವಾರಕ್ಕೆ ರೆಕ್ಕೆಯಡಿ ಆರ್2ಬಿ ಚುಚ್ಚುಮದ್ದು ಎಂಬ ಕ್ರಮ ಬಂತು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಕೊಕ್ಕರೆ ರೋಗದ ಲಸಿಕೆ ತಯಾರಿಸುತ್ತದೆ.

ಶೆಡ್ಡುಗಳು ದೊಡ್ಡವಾದಂತೆ ಬೇರೆ ವೈರಸ್‌ಗಳೂ ಎದ್ದವು. ಹಂಗೇರಿಯ ಯೋಜೆಫ್ ಮಾರೆಕ್ 1907ರಲ್ಲಿ ವರ್ಣಿಸಿದ, ಗೆಡ್ಡೆ ಕಟ್ಟುವ ಕಾಯಿಲೆಗೆ 1960ರ ದಶಕದ ಕೊನೆಯಲ್ಲಿ ಲಸಿಕೆ ಸಿಕ್ಕಿತು. ವೈರಸ್ ತರುವ ಕ್ಯಾನ್ಸರ್ ತಡೆದ ಮೊದಲ ಲಸಿಕೆ ಅದೇ. ಗುಂಬೊರೊ ಎಂಬ ರೋಗ ಮರಿಗಳ ರೋಗನಿರೋಧಕ ಅಂಗವನ್ನೇ ಹಾಳುಮಾಡಿ, ಕೊಟ್ಟ ಬೇರೆ ಲಸಿಕೆಯೂ ಹಿಡಿಯದಂತೆ ಮಾಡುತ್ತದೆ. ಫಾರಂ ಮರಿಗೆ ಇವುಗಳಿಂದ ರಕ್ಷಣೆ ಹ್ಯಾಚರಿಯಿಂದ, ಕುಡಿಯುವ ನೀರಿನಿಂದ ಸಿಗುತ್ತದೆ. ಹೇಂಟೆ ಕಾವು ಕೊಟ್ಟು ಎಬ್ಬಿಸಿದ ಮರಿಗೆ ಹ್ಯಾಚರಿ ಎಲ್ಲಿಂದ ಬರಬೇಕು?

ಹಕ್ಕಿಜ್ವರದ ದಾರಿ ಬೇರೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರದಲ್ಲಿ, 2020ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ಹರಿಹರ ತಾಲೂಕಿನ ಬನ್ನಿಕೋಡಿನಲ್ಲಿ ಕಾಣಿಸಿತು. ನಮ್ಮಲ್ಲಿ ಹಕ್ಕಿಜ್ವರದ ಎಚ್5ಎನ್1 ವೈರಸ್‌ಗೆ ಉತ್ತರ ಲಸಿಕೆಯಲ್ಲ, ಕೊಲ್ಲುವುದು: ಸೋಂಕಿನ ಸುತ್ತ ಒಂದು ಕಿಲೋಮೀಟರ್ ಒಳಗಿನ ಫಾರಂ ಕೋಳಿಯೂ ಹಿತ್ತಲ ಕೋಳಿಯೂ ಹೋಗಬೇಕು. ಮನುಷ್ಯರಿಗೂ ತಗಲಬಲ್ಲ ವೈರಸ್ ಆದ್ದರಿಂದ ಇದನ್ನು ಒಪ್ಪಲೇಬೇಕು. ಆದರೆ ತಲೆಗಿಷ್ಟು ಎಂದು ಕೊಡುವ ಪರಿಹಾರದಲ್ಲಿ ವರ್ಷಕ್ಕೆ ಎರಡು ಮೂರು ಸಲ ಮರಿ ಎಬ್ಬಿಸುವ ಹೇಂಟೆಯ ಬೆಲೆ ಸೇರುವುದಿಲ್ಲ. ಆ ಹೇಂಟೆ ಹೆಚ್ಚಾಗಿ ಮನೆಯ ಹೆಣ್ಣುಮಗಳ ಸ್ವಂತ ಗಳಿಕೆ.

ಹಿತ್ತಲಿಗೆ ಕೊಕ್ಕರೆ ರೋಗದ ಲಸಿಕೆ ತಲುಪದಿರುವುದಕ್ಕೆ ಕಾರಣ ಅಜ್ಞಾನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲಸಿಕೆ ಬರುವುದು ನೂರಾರು ಡೋಸಿನ ಸೀಸೆಯಲ್ಲಿ. ತಂಪಿನಲ್ಲೇ ಇರಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಯಬೇಕು. ಆರು ಕೋಳಿ ಸಾಕಿದವರು ಅದನ್ನು ಕೊಂಡು ಏನು ಮಾಡಿಯಾರು? ಈ ತೊಡಕನ್ನು ವಿಜ್ಞಾನದ ಪ್ರಶ್ನೆಯಾಗಿ ಎತ್ತಿಕೊಂಡವರಲ್ಲಿ ಆಸ್ಟ್ರೇಲಿಯಾದ ಪೀಟರ್ ಸ್ಪ್ರಾಡ್‌ಬ್ರೋ ಮುಖ್ಯರು. ಅವರ ಬಳಗ ರೂಪಿಸಿದ, ಬಿಸಿ ತಾಳುವ ‘ಐ-2’ ಲಸಿಕೆ ಕೆಲವು ವಾರ ಫ್ರಿಜ್ಜಿನ ಹೊರಗಿದ್ದರೂ ಕೆಡದು. ಮೊಜಾಂಬಿಕ್, ತಾಂಜಾನಿಯಾದ ಹಳ್ಳಿಗಳಲ್ಲಿ ನಾಲ್ಕು ತಿಂಗಳಿಗೊಮ್ಮೆ ಅದನ್ನು ಕಣ್ಣಿಗೆ ಹನಿಸುತ್ತಾರೆ.

ನಮ್ಮಲ್ಲಿ ಸದ್ಯಕ್ಕೆ ಇರುವ ಸೀಸೆಯಿಂದಲೂ ಹಿತ್ತಲ ಕೋಳಿಗೆ ಲಸಿಕೆ ಹಾಕುವುದು ಆಗುವ ಕೆಲಸವೇ. ದಿನ ಗೊತ್ತುಮಾಡಿ, ಕತ್ತಲಿರುವಾಗಲೇ, ಕೋಳಿ ಗೂಡು ಬಿಡುವ ಮುನ್ನ ಪಶು ಆಸ್ಪತ್ರೆಯವರೋ ಪಶು ಸಖಿಯೋ ಓಣಿಯ ಮನೆಮನೆಗೆ ಹೋದರೆ ಒಂದು ಸೀಸೆ ಒಂದೇ ಬೆಳಗಿಗೆ ಮುಗಿಯುತ್ತದೆ.